ಗೋಡೆಗೆ 52 ದಿನ, ಸಿದ್ಧತೆಗೆ ನಾಲ್ಕು ತಿಂಗಳು

ಯುವಜನರ ಕೂಟ, ಕ್ಯಾಲನೂರು
ವಾಕ್ಯಭಾಗ: ನೆಹೆಮೀಯ 1 ಮತ್ತು 2ನೇ ಅಧ್ಯಾಯ

ಎಲ್ಲರೂ ಕೂತ್ಕೊಳ್ಳಿ. ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರೋ ತಮ್ಮಂದಿರೂ ಇದ್ದಾರೆ, ಕರ್ತನು ನಿಮ್ಮನ್ನ ಬಲಪಡಿಸಲಿ. ನೆಹೆಮೀಯನ ಗ್ರಂಥ ತೆಗೀರಿ. ಫೋನಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಎಜ್ರನ ಗ್ರಂಥ ಆದ ಮೇಲೆ ಬರುತ್ತೆ, ಎಸ್ತೇರಳಿಗಿಂತ ಮುಂಚೆ.

ಈಚೆಗೆ ನಮ್ಮ ಪ್ರಾರ್ಥನಾ ಚೀಟಿಗಳನ್ನ ಓದ್ತಾ ಇದ್ದಾಗ ಒಂದು ವಿಷಯ ನನ್ನ ಗಮನಕ್ಕೆ ಬಂತು. ಯುವಜನರು ಕೊಟ್ಟಿರೋ ಚೀಟಿಗಳಲ್ಲಿ ಹೆಚ್ಚಿನವು ಒಂದೇ ವಿಷಯ. "ಈ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು ಅಂತಿದ್ದೀನಿ, ಪ್ರಾರ್ಥಿಸಿ." ನರಸಾಪುರದ ಫ್ಯಾಕ್ಟರಿಯಲ್ಲಿ ಲೈನ್ ಮೇಲೆ ನಿಂತು ಕೆಲಸ ಮಾಡೋ ತಂಗಿಗೆ ನರ್ಸಿಂಗ್ ಓದಬೇಕು. ಮಾಲೂರಿನಿಂದ ಟ್ರೈನ್ ಹತ್ತಿ ವೈಟ್‌ಫೀಲ್ಡ್‌ಗೆ ಹೋಗೋ ಒಬ್ಬ ಬ್ರದರ್‌ಗೆ ಸಾಫ್ಟ್‌ವೇರ್ ಸಾಕಾಗಿದೆ, ಮಕ್ಕಳಿಗೆ ಪಾಠ ಹೇಳಬೇಕು. ಇನ್ನೊಬ್ಬ ತಮ್ಮನಿಗೆ ಬೆಂಗಳೂರು ಬಿಟ್ಟು ಬಂದು ಅಪ್ಪನ ಜಮೀನು ನೋಡ್ಕೋಬೇಕು. ಇಬ್ಬರು ಪೂರ್ಣಾವಧಿ ಸೇವೆಗೆ ಬರಬೇಕು ಅಂತ ಬರೆದಿದ್ದಾರೆ. ಸ್ತೋತ್ರ! ಇವೆಲ್ಲ ಒಳ್ಳೇ ಆಸೆಗಳೇ.

ಆದ್ರೆ ಅವರಲ್ಲಿ ಕೆಲವರ ಹತ್ರ ಕೂತು ಮಾತಾಡಿದಾಗ ಒಂದು ಪ್ರಶ್ನೆ ಕೇಳ್ದೆ. "ತಮ್ಮಾ, ಮುಂದಕ್ಕೆ ಏನು ಸಿದ್ಧತೆ ಮಾಡ್ಕೊಂಡಿದ್ದೀಯಾ?" ಬಂದ ಉತ್ತರ ಏನು ಗೊತ್ತಾ? "ಅಣ್ಣ, ದೇವರು ನೋಡ್ಕೋತಾರೆ. ಲೆಕ್ಕ ಹಾಕ್ತಾ ಕೂತ್ರೆ ಅದು ವಿಶ್ವಾಸ ಹೇಗಾಗುತ್ತೆ?"

ಪ್ರಿಯರೇ, ಇವತ್ತಿನ ಸಂದೇಶ ಈ ಒಂದೇ ಪ್ರಶ್ನೆಗೆ. ಸಿದ್ಧತೆ ಮಾಡೋದು ಅವಿಶ್ವಾಸವಾ? ದೇವರ ವಾಕ್ಯ ಏನು ಹೇಳುತ್ತೆ ಅಂತ ನೋಡೋಣ.

ನೆಹೆಮೀಯ ಯಾರು? ಅವನು ಪ್ರವಾದಿ ಅಲ್ಲ, ಯಾಜಕನೂ ಅಲ್ಲ. ಪರ್ಶಿಯ ದೇಶದ ಅರಸನಾದ ಅರ್ತಷಸ್ತನ ಅರಮನೆಯಲ್ಲಿ ಕೆಲಸಕ್ಕಿದ್ದ ಮನುಷ್ಯ. ಅರಸನಿಗೆ ದ್ರಾಕ್ಷಾರಸದ ಪಾತ್ರೆ ಕೊಡೋದು ಅವನ ಕೆಲಸ. ಅಯ್ಯೋ ಅಷ್ಟೇನಾ ಅನ್ಕೋಬೇಡಿ. ಆ ಕಾಲದಲ್ಲಿ ಅರಸರಿಗೆ ವಿಷ ಹಾಕೋರು ಇದ್ರು, ಹಾಗಾಗಿ ಪೂರ್ತಿ ನಂಬಿಕಸ್ಥನನ್ನೇ ಆ ಜಾಗದಲ್ಲಿ ಇಡ್ತಿದ್ರು. ಒಳ್ಳೇ ಸ್ಥಾನ, ದಿನಾ ಅರಸನ ಮುಂದೆ ನಿಲ್ಲೋ ಭಾಗ್ಯ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸೆಟ್ಲ್ ಆದ ಮನುಷ್ಯ.

ಅಂಥವನು ಏನಾದ? ಗೋಡೆ ಕಟ್ಟಿಸೋನಾದ, ಯೆಹೂದ ದೇಶದ ಅಧಿಪತಿಯೂ ಆದ. ಪಾತ್ರೆ ಹಿಡಿದ ಕೈ ಕಲ್ಲು ಗಾರೆಯ ಕೆಲಸಕ್ಕೆ ಹೋಯ್ತು. ಇದಕ್ಕಿಂತ ದೊಡ್ಡ ವೃತ್ತಿ ಬದಲಾವಣೆ ಬೇಕಾ?

ಈಗ ಎರಡು ತಿಂಗಳ ಹೆಸರು ನೋಡಿ. 1ನೇ ಅಧ್ಯಾಯ 1ನೇ ವಚನದಲ್ಲಿ ಕಿಸ್ಲೇವ್ ತಿಂಗಳು. ಅವನ ಸಹೋದರ ಹನಾನಿ ಬಂದು, ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅಂತ ಹೇಳಿದ್ದು ಆಗ. 2ನೇ ಅಧ್ಯಾಯ 1ನೇ ವಚನದಲ್ಲಿ ನೀಸಾನ್ ತಿಂಗಳು. ಅರಸನ ಮುಂದೆ ಅವನು ಬಾಯಿಬಿಟ್ಟು ಕೇಳಿದ್ದು ಆಗ. ಕಿಸ್ಲೇವ್ ಅಂದ್ರೆ ನಮ್ಮ ನವೆಂಬರ್-ಡಿಸೆಂಬರ್. ನೀಸಾನ್ ಅಂದ್ರೆ ಮಾರ್ಚ್-ಏಪ್ರಿಲ್. ನಮ್ಮ ಕಡೆ ಹೇಳೋದಾದ್ರೆ, ಹೊಲದಲ್ಲಿ ರಾಗಿ ಕೊಯ್ಯೋ ಕಾಲಕ್ಕೆ ಶುರುವಾದ ಪ್ರಾರ್ಥನೆಗೆ ಶ್ರೀನಿವಾಸಪುರದ ತೋಟಗಳಲ್ಲಿ ಮಾವಿನಕಾಯಿ ತೂಗಾಡೋ ಕಾಲಕ್ಕೆ ಬಾಗಿಲು ತೆರೀತು. ಸುಮಾರು ನಾಲ್ಕು ತಿಂಗಳು!

ಇನ್ನು 6ನೇ ಅಧ್ಯಾಯ 15ನೇ ವಚನಕ್ಕೆ ಹೋಗಿ. ಗೋಡೆ ಎಷ್ಟು ದಿನದಲ್ಲಿ ಮುಗೀತು? 52 ದಿನ. ಎರಡು ತಿಂಗಳೂ ಇಲ್ಲ. ನಾವು ಪ್ರಸಂಗಗಳಲ್ಲಿ 52 ದಿನದ ಅದ್ಭುತಕ್ಕೆ ಹಲ್ಲೆಲೂಯ ಹೇಳ್ತೀವಿ, ಹೇಳಲೇಬೇಕು. ಆದ್ರೆ ಅದರ ಹಿಂದೆ ಇರೋ ನಾಲ್ಕು ತಿಂಗಳನ್ನ ಬಿಟ್ಟುಬಿಡ್ತೀವಿ. ದೇವರು ಆ 52 ದಿನದಲ್ಲಿ ಮಾತ್ರ ಕೆಲಸ ಮಾಡಿದ್ರಾ? ಇಲ್ಲ. ನಾಲ್ಕು ತಿಂಗಳಲ್ಲೂ ಅದೇ ದೇವರು ಕೆಲಸ ಮಾಡ್ತಿದ್ರು.

ಆ ಸಿದ್ಧತೆಯಲ್ಲಿ ನಾನು ನಾಲ್ಕು ಸಂಗತಿ ನೋಡ್ತೀನಿ. ಬರ್ಕೊಳ್ಳಿ.

ಮೊದಲನೇದು: ಅವನು ಅತ್ತನು, ಉಪವಾಸ ಮಾಡಿದನು, ತನ್ನ ಹೃದಯವನ್ನ ಶೋಧಿಸಿದನು.

ಸುದ್ದಿ ಕೇಳಿದ ದಿನವೇ ಅರಸನ ಹತ್ರ ಓಡಲಿಲ್ಲ. ದೇವರ ಮುಂದೆ ಕೂತ. 1ನೇ ಅಧ್ಯಾಯದ ಪ್ರಾರ್ಥನೆ ಮನೆಗೆ ಹೋಗಿ ಪೂರ್ತಿ ಓದಿ. ತನ್ನ ಜನರ ಪಾಪ, ತನ್ನ ಮನೆತನದ ಪಾಪ ಎಲ್ಲ ಅರಿಕೆ ಮಾಡ್ತಾನೆ. ಈ ಆಸೆ ಎಲ್ಲಿಂದ ಬಂತು ಅಂತ ಪರೀಕ್ಷೆ ಆಗೋದು ಅಲ್ಲೇ.

ನಾವು ಕೆಲಸ ಬಿಡಬೇಕು ಅನ್ನೋದಕ್ಕೆ ಎರಡು ಕಾರಣ ಇರಬಹುದು. ಒಂದು, ದೇವರು ಮುಂದಕ್ಕೆ ಕರೀತಿದ್ದಾರೆ. ಇನ್ನೊಂದು, ನಾವು ಯಾವುದರಿಂದಲೋ ತಪ್ಪಿಸ್ಕೊಂಡು ಓಡ್ತಿದ್ದೀವಿ. ಸೂಪರ್‌ವೈಸರ್ ಬೈದ್ರು ಅಂತ ಬಿಡೋದು ಕರೆಯಲ್ಲ. ಜೊತೆಗೆ ಓದಿದವನು ಕಾರು ತಗೊಂಡ ಅಂತ ಬಿಡೋದು ಕರೆಯಲ್ಲ.

ನಮ್ಮ ಕೋಲಾರದವರಿಗೆ ಟೊಮೆಟೊ ಉದಾಹರಣೆ ಸಾಕು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ನೆನಪಿದೆಯಲ್ಲ? ಟಿವಿಯಲ್ಲೆಲ್ಲ ಅದೇ ಸುದ್ದಿ. ಅದನ್ನ ನೋಡಿ ಸಸಿ ತಂದು ನಾಟಿ ಮಾಡಿದವರ ಬೆಳೆ ಮಾರ್ಕೆಟ್‌ಗೆ ಬರೋ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ರೇಟು ಬಿದ್ದುಹೋಗಿತ್ತು. ಇನ್ನೊಬ್ಬರ ರೇಟ್ ನೋಡಿ ನಾಟಿ ಮಾಡಿದ್ರೆ ನಿನ್ನ ಬೆಳೆ ಬರೋ ದಿನಕ್ಕೆ ಆ ರೇಟ್ ಇರುತ್ತೆ ಅಂತ ಯಾರು ಹೇಳಿದ್ರು? ಕೋಡಿಂಗ್ ಕೋರ್ಸ್‌ಗೂ ಅದೇ ಮಾತು, ಯೂಟ್ಯೂಬ್ ಚಾನೆಲ್‌ಗೂ ಅದೇ ಮಾತು. ನಿನ್ನ ನೆಲ ಯಾವುದು, ನಿನ್ನ ನೀರು ಎಷ್ಟು, ಅದನ್ನ ಮೊದಲು ಕರ್ತನ ಪಾದದಲ್ಲಿ ಕೂತು ತಿಳ್ಕೋ.

ಎರಡನೇದು: ಕಾಯುವ ದಿನಗಳಲ್ಲಿ ಅವನು ಇದ್ದ ಕೆಲಸವನ್ನ ಕೆಡಿಸಿಕೊಳ್ಳಲಿಲ್ಲ.

ನಾಲ್ಕು ತಿಂಗಳು ಹೃದಯದಲ್ಲಿ ಯೆರೂಸಲೇಮ್, ಕೈಯಲ್ಲಿ ಅರಸನ ಪಾತ್ರೆ. 2ನೇ ಅಧ್ಯಾಯದಲ್ಲಿ ಅವನೇ ಬರೀತಾನೆ, ಅದಕ್ಕೆ ಮುಂಚೆ ಅರಸನ ಮುಂದೆ ತಾನು ಯಾವತ್ತೂ ಮುಖ ಸಪ್ಪಗೆ ಮಾಡ್ಕೊಂಡಿರಲಿಲ್ಲ ಅಂತ. ಅದಕ್ಕೇ ಒಂದು ದಿನ ಅವನ ಮುಖ ಬಾಡಿದಾಗ ಅರಸನೇ ಗಮನಿಸಿ ಕೇಳಿದ. ಯೋಚನೆ ಮಾಡಿ. ಅವನು ಆ ನಾಲ್ಕು ತಿಂಗಳು "ಹೇಗೂ ಬಿಡ್ತೀನಲ್ಲ" ಅಂತ ಕೆಲಸಗಳ್ಳತನ ಮಾಡಿದ್ರೆ ಅರಸನು ಅವನನ್ನ ಕೇಳ್ತಿದ್ನಾ? ಮರ ಕೊಡ್ತಿದ್ನಾ? ಪತ್ರ ಕೊಡ್ತಿದ್ನಾ?

ನೋಟಿಸ್ ಪೀರಿಯಡ್‌ನಲ್ಲೂ ನೀನು ಕ್ರಿಸ್ತನ ಸಾಕ್ಷಿಯೇ. ದಾವೀದನನ್ನ ನೋಡಿ. ಸಮುವೇಲನು ಅವನ ತಲೆಗೆ ಎಣ್ಣೆ ಸುರಿದು ಅಭಿಷೇಕ ಮಾಡಿದ ಮೇಲೆ ಅವನು ಎಲ್ಲಿಗೆ ಹೋದ? ಸಿಂಹಾಸನಕ್ಕಲ್ಲ, ವಾಪಸ್ ಕುರಿಗಳ ಹತ್ರ. ಒಂದನೇ ಸಮುವೇಲ 17ನೇ ಅಧ್ಯಾಯ 20ನೇ ವಚನದಲ್ಲಿ ಒಂದು ಸಣ್ಣ ಮಾತಿದೆ, ನನಗೆ ಬಹಳ ಇಷ್ಟ. ಅಣ್ಣಂದಿರಿಗೆ ಊಟ ತಗೊಂಡು ರಣರಂಗಕ್ಕೆ ಹೊರಟ ದಿನ, ಆ ಗೊಲ್ಯಾತನ ದಿನ, ದಾವೀದನು ಕುರಿಗಳನ್ನ ಕಾಯೋ ಇನ್ನೊಬ್ಬನ ಕೈಗೆ ಒಪ್ಪಿಸಿ ಹೋದನು. ಸುಮ್ಮನೆ ಬಿಟ್ಟು ಹೋಗಲಿಲ್ಲ. ಹ್ಯಾಂಡ್‌ಓವರ್ ಕೊಟ್ಟು ಹೋದ! ಅಭಿಷಿಕ್ತನಾಗಿದ್ದ, ಆದರೂ ಕುರಿಗಳ ಲೆಕ್ಕ ಒಪ್ಪಿಸಿದ. ಆಮೆನ್?

ಮೂರನೇದು: ಅರಸನು ಕೇಳಿದಾಗ ಅವನ ಹತ್ರ ಪಟ್ಟಿ ಸಿದ್ಧವಾಗಿತ್ತು.

ಇದನ್ನ ಗಮನ ಇಟ್ಟು ಕೇಳಿ. 2ನೇ ಅಧ್ಯಾಯ 4ನೇ ವಚನ. ನಿನಗೆ ಏನು ಬೇಕು ಅಂತ ಅರಸ ಕೇಳ್ತಾನೆ. ನೆಹೆಮೀಯ ಮೊದಲು ಏನು ಮಾಡ್ತಾನೆ? ಪರಲೋಕದ ದೇವರಿಗೆ ಪ್ರಾರ್ಥಿಸ್ತಾನೆ. ಅರಸನ ಮುಂದೆ ನಿಂತು, ಒಂದೇ ಉಸಿರಿನ ಪ್ರಾರ್ಥನೆ. ನಾಲ್ಕು ತಿಂಗಳು ಪ್ರಾರ್ಥಿಸಿದವನು ಆ ಗಳಿಗೆಯಲ್ಲೂ ಪ್ರಾರ್ಥಿಸ್ತಾನೆ.

ಆಮೇಲೆ ಬಾಯಿ ತೆರೆದ್ರೆ ಏನು ಬರುತ್ತೆ? ಲೆಕ್ಕ ಬರುತ್ತೆ! ಎಷ್ಟು ದಿನ ಬೇಕು ಅಂತ ಕೇಳಿದ್ರೆ ಇಂತಿಷ್ಟು ಕಾಲ ಅಂತ ಹೇಳ್ತಾನೆ. ನದಿಯ ಆಚೆಯ ಅಧಿಪತಿಗಳಿಗೆ ಪತ್ರ ಬೇಕು ಅಂತಾನೆ, ದಾರಿಯಲ್ಲಿ ಯಾರೂ ತಡೀಬಾರದು. ಅರಸನ ವನವನ್ನ ಕಾಯೋ ಆಸಾಫನಿಗೆ ಪತ್ರ ಬೇಕು ಅಂತಾನೆ, ಮರಕ್ಕೋಸ್ಕರ. ವನ ಕಾಯೋನ ಹೆಸರು ಕೂಡ ಗೊತ್ತು ಅವನಿಗೆ! ಮರ ಯಾವುದಕ್ಕೆ? ಕೋಟೆಯ ಬಾಗಿಲಿಗೆ, ಊರಿನ ಗೋಡೆಗೆ, ಮತ್ತೆ ತಾನು ವಾಸ ಮಾಡೋ ಮನೆಗೆ. ಹೋದ ಮೇಲೆ ಎಲ್ಲಿ ಮಲಗ್ತೀನಿ ಅನ್ನೋದನ್ನೂ ಅವನು ಯೋಚಿಸಿದ್ದ.

ಇಷ್ಟೆಲ್ಲ ಕೇಳಿ ಪಡ್ಕೊಂಡ ಮೇಲೆ ಅವನು "ನನ್ನ ಪ್ಲಾನ್ ಸೂಪರ್ ಆಗಿತ್ತು" ಅಂತ ಹೇಳ್ತಾನಾ? ಇಲ್ಲ. ದೇವರ ಕೃಪಾಹಸ್ತ ನನ್ನ ಮೇಲಿದ್ದದ್ದರಿಂದ ಅರಸ ಕೊಟ್ಟ ಅಂತ ಹೇಳ್ತಾನೆ. ಪಟ್ಟಿಯೂ ಇತ್ತು, ದೇವರ ಹಸ್ತವೂ ಇತ್ತು. ಒಂದಿದ್ರೆ ಇನ್ನೊಂದು ಇರಬಾರದು ಅಂತ ಯಾರು ಹೇಳಿದ್ದು?

ಕೆಲವರು ಕೇಳ್ತಾರೆ, "ಬ್ರದರ್, ಎಜ್ರನು ಸೈನಿಕರನ್ನ ಕೇಳದೆ ಹೋದನಲ್ಲ?" ಒಳ್ಳೇ ಪ್ರಶ್ನೆ. ಎಜ್ರ 8ನೇ ಅಧ್ಯಾಯ. ದೇವರು ನಮ್ಮನ್ನ ಕಾಪಾಡ್ತಾನೆ ಅಂತ ಅರಸನಿಗೆ ಮೊದಲೇ ಹೇಳಿದ್ದರಿಂದ ಸೈನಿಕರನ್ನ ಕೇಳೋದಕ್ಕೆ ಎಜ್ರನಿಗೆ ನಾಚಿಕೆ ಆಯ್ತು. ಉಪವಾಸ ಮಾಡಿ ಸೈನ್ಯ ಇಲ್ಲದೆ ಹೊರಟ. ನೆಹೆಮೀಯನ ಜೊತೆ ಸೇನಾಧಿಪತಿಗಳೂ ಕುದುರೆ ಸವಾರರೂ ಬಂದ್ರು. ಒಬ್ಬ ಸೈನ್ಯ ಇಲ್ಲದೆ ಹೋದ, ಒಬ್ಬ ಸೈನ್ಯದ ಜೊತೆ ಹೋದ. ಇಬ್ಬರನ್ನೂ ನಡೆಸಿದ್ದು ಒಬ್ಬನೇ ದೇವರು. ಹಾಗಾಗಿ "ಆ ಬ್ರದರ್ ಕೈಯಲ್ಲಿ ಏನೂ ಇಲ್ಲದೆ ಕೆಲಸ ಬಿಟ್ರು, ನಾನೂ ಬಿಡ್ತೀನಿ" ಅನ್ಬೇಡಿ. ಅವರಿಗೆ ಕೊಟ್ಟ ಮಾತು ಅವರಿಗೆ.

ಆದ್ರೆ ಅದೇ ಅಧ್ಯಾಯ ಪೂರ್ತಿ ಓದಿ. ಎಜ್ರನು ಹೊರಡೋಕೆ ಮುಂಚೆ ಜನರನ್ನ ಪರೀಕ್ಷಿಸಿದ, ಲೇವಿಯರು ಒಬ್ಬರೂ ಇಲ್ಲ ಅಂತ ಗೊತ್ತಾಯ್ತು, ಆಳು ಕಳಿಸಿ ಕರೆಸ್ಕೊಂಡ. ಬೆಳ್ಳಿ ಬಂಗಾರವನ್ನ ತೂಕ ಮಾಡಿ ಕೊಟ್ಟ, ಊರು ಮುಟ್ಟಿದ ಮೇಲೆ ಮತ್ತೆ ತೂಕ ಮಾಡಿಸಿದ. ಸೈನ್ಯ ಬೇಡ ಅಂದವನೂ ಲೆಕ್ಕ ಬಿಡಲಿಲ್ಲ, ಪ್ರಿಯರೇ.

ನಮ್ಮ ಯೇಸು ಸ್ವಾಮಿಯೇ ಲೂಕ 14ರಲ್ಲಿ ಇದನ್ನ ಹೇಳಿದ್ದಾರೆ. ಗೋಪುರ ಕಟ್ಟೋನು ಮೊದಲು ಕೂತು ಖರ್ಚಿನ ಲೆಕ್ಕ ನೋಡೋದಿಲ್ಲವಾ ಅಂತ. ಅಸ್ತಿವಾರ ಹಾಕಿ ನಿಲ್ಲಿಸಿದ ಕಟ್ಟಡ ನೋಡಿ ಜನ ನಗ್ತಾರೆ. ಪಿಲ್ಲರ್ ಎದ್ದು ಕಬ್ಬಿಣ ತುಕ್ಕು ಹಿಡಿದು ನಿಂತಿರೋ ಮನೆಗಳನ್ನ ನಮ್ಮ ರಸ್ತೆಗಳಲ್ಲಿ ನೋಡಿದ್ದೀವಲ್ಲ.

ಮತ್ತಾಯ 4ರಲ್ಲಿ ಸೈತಾನನು ಕರ್ತನನ್ನ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಏನು ಹೇಳಿದ? ಧುಮುಕು, ದೂತರು ಎತ್ಕೋತಾರೆ ಅಂತ. ವಾಕ್ಯವನ್ನೇ ಎತ್ತಿ ತೋರಿಸಿದ! ಕರ್ತನು ಧುಮುಕಲಿಲ್ಲ. ದೇವರನ್ನ ಪರೀಕ್ಷೆ ಮಾಡಬಾರದು ಅಂದರು. ಎಲ್ಲ ಧುಮುಕೂ ವಿಶ್ವಾಸ ಅಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ನಮ್ಮ ಸಭೆಗಳಲ್ಲಿ ಪ್ರವಾದನೆ ಇದೆ, ನಾನು ಅದನ್ನ ನಂಬ್ತೀನಿ, ಪವಿತ್ರಾತ್ಮನು ಇವತ್ತೂ ಮಾತಾಡ್ತಾನೆ. ಆದ್ರೆ ಒಂದು ಕನ್ವೆನ್ಷನ್‌ನಲ್ಲಿ ಯಾರೋ ತಲೆ ಮೇಲೆ ಕೈಯಿಟ್ಟು "ನಿನಗೆ ಹೊಸ ಬಾಗಿಲು ತೆರೀತಿದೆ" ಅಂದ್ರು ಅಂತ ಸೋಮವಾರ ಬೆಳಿಗ್ಗೆ ರಾಜೀನಾಮೆ ಬರೀಬೇಡಿ. ಪ್ರವಾದನೆಯನ್ನ ತಿರಸ್ಕಾರ ಮಾಡಬೇಡಿ ಅಂತ ಹೇಳಿದ ಪೌಲನೇ ಎಲ್ಲವನ್ನೂ ಪರೀಕ್ಷಿಸಿ ಅಂತಲೂ ಹೇಳಿದ್ದಾನೆ, ಒಂದನೇ ಥೆಸಲೋನಿಕ 5ರಲ್ಲಿ. ಮಾತು ಕರ್ತನದಾದ್ರೆ ನಾಲ್ಕು ತಿಂಗಳು ಕಾದ್ರೂ ಅದು ಹಳಸೋದಿಲ್ಲ. ರಾಜೀನಾಮೆ ಕೊಟ್ಟ ಮೇಲೆ ಮನೆ ಬಾಡಿಗೆ ಕಟ್ಟೋದು ಪ್ರವಾದನೆ ಹೇಳಿದವರಲ್ಲ. ನಿಮ್ಮಮ್ಮ ಕಿವಿಯ ಓಲೆ ಅಡ ಇಟ್ಟು ಕಟ್ತಾರೆ.

ಆ ನರ್ಸಿಂಗ್ ಓದಬೇಕು ಅಂದ ತಂಗಿಯ ವಿಷಯಕ್ಕೆ ಬರ್ತೀನಿ. ಅವಳ ಅನುಮತಿ ಕೇಳಿ ಹೇಳ್ತಿದ್ದೀನಿ, ಹೆಸರು ಬೇಡ. ಜಿಎನ್ಎಂ ಮೂರು ವರ್ಷದ ಕೋರ್ಸ್. ನಾವು ಒಂದು ಬಿಳಿ ಹಾಳೆ ತಗೊಂಡು ಅವಳ ಅಪ್ಪ ಅಮ್ಮನ ಮುಂದೆಯೇ ಬರೆದ್ವಿ. ಮನೆಗೆ ಅವಳು ಕೊಡೋದು ತಿಂಗಳಿಗೆ 8,000. ಅದರಲ್ಲಿ ಸಂಘದ ಸಾಲದ ಕಂತು 2,600. ಆ ಸಾಲ ಮುಗಿಯೋಕೆ ಇನ್ನು ಏಳು ತಿಂಗಳು. ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಸ್ಕಾಲರ್‌ಶಿಪ್ ಯಾವುದಕ್ಕೆ ಅರ್ಜಿ ಹಾಕಬಹುದು, ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಎಲ್ಲ ಬರೆದ್ವಿ. ಬರೆದು ಮುಗಿಸಿದಾಗ ಅವಳ ಅಪ್ಪ, ಮೊದಲು ಮದುವೆ ಅಂತಿದ್ದ ಅಪ್ಪ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ಸಾಲ ತೀರಿದ ಮೇಲೆ ಸೇರಲಿ ಬಿಡಿ ಪಾಸ್ಟರ್." ಅವರಿಗೆ ಬೇಕಾಗಿದ್ದು ವಾದ ಅಲ್ಲ, ಆ ಹಾಳೆ. ಅರಸನ ಹೃದಯ ತಿರುಗಿಸಿದ ದೇವರು ಅಪ್ಪನ ಹೃದಯ ತಿರುಗಿಸೋದಿಲ್ಲವಾ? ಸ್ತೋತ್ರ!

ಕಂಪನಿ ಬಿಡೋರು ಇದನ್ನೂ ಪಟ್ಟಿಯಲ್ಲಿ ಸೇರಿಸ್ಕೊಳ್ಳಿ. ಪಿಎಫ್ ಹಣ ತೆಗೆದು ಬೈಕ್ ತಗೋಬೇಡಿ. ಹೊಸ ಕಂಪನಿಗೆ ಹೋದ್ರೆ ಅದೇ ಯುಎಎನ್ ನಂಬರ್ ಕೊಟ್ಟು ಹಳೇ ಪಿಎಫ್ ವರ್ಗಾಯಿಸ್ಕೊಳ್ಳಿ. ಪಿಎಫ್ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, ಮಧ್ಯದಲ್ಲಿ ಪಿಂಚಣಿ ಹಣ ತೆಗೆದುಬಿಟ್ರೆ ಆ ವರ್ಷಗಳು ಹೋದಂಗೆ. ಗ್ರಾಚ್ಯುಟಿಗೆ ನಿಮಗೆ ಇನ್ನೆಷ್ಟು ದಿನ ಬಾಕಿ ಅಂತ ಎಚ್ಆರ್ ಹತ್ರ ಕೇಳಿ. ಮನೆಯಲ್ಲಿ ಕಾಯಿಲೆಯವರು ಇಎಸ್ಐ ಆಸ್ಪತ್ರೆಯ ಮಾತ್ರೆ ಮೇಲೆ ಇದ್ರೆ, ನೀವು ಬಿಟ್ಟ ಮೇಲೆ ಆ ಮಾತ್ರೆಗೆ ದಾರಿ ಏನು ಅಂತ ಬಿಡೋಕೆ ಮುಂಚೆ ಯೋಚಿಸಿ. ಎಕ್ಸ್‌ಪೀರಿಯನ್ಸ್ ಲೆಟರ್ ಕೈಗೆ ತಗೊಂಡು ಹೊರಗೆ ಬನ್ನಿ. ನೆಹೆಮೀಯ ಪತ್ರ ತಗೊಂಡೇ ಹೊರಟಿದ್ದು!

ಇನ್ನು ಉಳಿತಾಯ. ಮನೆ ಖರ್ಚು ತಿಂಗಳಿಗೆ 18,000 ಅಂತ ಇಟ್ಕೊಳ್ಳಿ. ಆರು ತಿಂಗಳಿಗೆ 1,08,000. ಅಷ್ಟು ಕೂಡಿಡೋಕೆ ಎಷ್ಟು ತಿಂಗಳು ಬೇಕೋ ಅದೇ ನಿಮ್ಮ ಕಿಸ್ಲೇವ್‌ನಿಂದ ನೀಸಾನ್. ದಶಮಾಂಶ ಕೊಡ್ತಾನೆ ಅದನ್ನ ಕೂಡಿಡಬಹುದು, ಹೊರಗಿನ ಬಿರಿಯಾನಿ ಸ್ವಲ್ಪ ಕಡಿಮೆ ಮಾಡಬೇಕಾಗುತ್ತೆ ಅಷ್ಟೇ.

ನಾಲ್ಕನೇದು: ಅವನು ರಾತ್ರಿಯಲ್ಲಿ ಹೋಗಿ ಗೋಡೆಯನ್ನ ಕಣ್ಣಾರೆ ನೋಡಿದನು, ಆಮೇಲೆ ಎದ್ದು ಕಟ್ಟಿದನು.

ಯೆರೂಸಲೇಮಿಗೆ ಬಂದು ಮೂರು ದಿನ ಸುಮ್ಮನಿದ್ದ. ಆಮೇಲೆ ರಾತ್ರಿ ಎದ್ದು ಕೆಲವೇ ಜನರ ಜೊತೆ ಬಿದ್ದ ಗೋಡೆಯನ್ನ ಸುತ್ತಿ ನೋಡಿದ. ಒಂದು ಕಡೆ ಅವನು ಕೂತಿದ್ದ ಪ್ರಾಣಿ ದಾಟೋಕೂ ದಾರಿ ಇರಲಿಲ್ಲ. ದೇವರು ಹೃದಯದಲ್ಲಿ ಹಾಕಿದ್ದನ್ನ ಇನ್ನೂ ಯಾರಿಗೂ ಹೇಳಿರಲಿಲ್ಲ. ನಾವಾಗಿದ್ರೆ? ಶೂಷನ್ ಬಿಡೋ ಮುಂಚೆಯೇ ಸ್ಟೇಟಸ್ ಹಾಕಿರ್ತಿದ್ವಿ. "ನ್ಯೂ ಬಿಗಿನಿಂಗ್ಸ್, ಪ್ರೇ ಫಾರ್ ಮಿ."

ಹೋಗಬೇಕು ಅಂತಿರೋ ಕೆಲಸವನ್ನ ಹತ್ರದಿಂದ ನೋಡಿ. ಟೀಚರ್ ಆಗಬೇಕಾ? ಮೊದಲು ನಮ್ಮ ಸಂಡೇ ಸ್ಕೂಲ್‌ನಲ್ಲಿ ಆರು ತಿಂಗಳು ಮಕ್ಕಳ ಜೊತೆ ಕೂತು ನೋಡು. ಜಮೀನಿಗೆ ಬರಬೇಕಾ? ರಜೆ ಹಾಕಿ ಬಂದು ಒಂದು ಬೆಳೆಗೆ ನೀರು ಕಟ್ಟು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಮೋಟರ್ ಹಾಕಿ ನೋಡು. ಆಗಲೂ ಹೃದಯ ಹೌದು ಅಂದ್ರೆ ಸ್ತೋತ್ರ, ಬಾ!

ಆದ್ರೆ ನೋಡ್ತಾನೇ ಇರಬೇಡಿ. ಇದು ಇನ್ನೊಂದು ಬದಿ. ಸಿದ್ಧತೆ ಅನ್ನೋ ಹೆಸರಲ್ಲಿ ಭಯವನ್ನ ಬಚ್ಚಿಡೋರೂ ಇದ್ದಾರೆ. ನೆಹೆಮೀಯನಿಗೂ ಬಹಳ ಭಯ ಆಯ್ತು ಅಂತ 2ನೇ ಅಧ್ಯಾಯದಲ್ಲೇ ಇದೆ. ಭಯ ಇಟ್ಕೊಂಡೇ ಬಾಯಿ ತೆರೆದ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಪಾಠ ಇದೆ. ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟ್ ಬಂತು, ಬೆಂಗಳೂರಿನ ಬೀದಿಗೆ ದೀಪ ಬರೋಕೂ ಮುಂಚೆ. ಭೂಮಿಯೊಳಗೆ ಮೂರು ಕಿಲೋಮೀಟರ್‌ಗಿಂತ ಆಳ ಇಳಿದ್ರು. ತಾತ ಗಣಿಯಲ್ಲಿ, ಅಪ್ಪ ಗಣಿಯಲ್ಲಿ, ಮಗ ಗಣಿಯಲ್ಲಿ. ಅದು ಮುಗಿಯುತ್ತೆ ಅಂತ ಯಾರು ಅಂದ್ಕೊಂಡಿದ್ರು? ಕಲ್ಲಲ್ಲಿ ಬಂಗಾರ ಕಡಿಮೆ ಆಗ್ತಾ ಬಂತು, ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ ಆಯ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತಿಗೂ ಬೆಳಗಿನ ಜಾವ ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ಟ್ರೈನ್ ನೋಡಿ. ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳು ಅದರಲ್ಲಿ ನಿಂತುಕೊಂಡು ಕೆಲಸಕ್ಕೆ ಹೋಗ್ತಾರೆ.

ಅಲ್ಲಿದ್ದ ಒಬ್ಬ ಹಿರಿಯ ವಿಶ್ವಾಸಿ ನನಗೆ ಹೇಳಿದ್ರು. ಗಣಿ ಮುಚ್ಚೋ ಮಾತು ಕಿವಿಗೆ ಬಿದ್ದಾಗಿಂದ ಅವರು ಶಿಫ್ಟ್ ಮುಗಿಸಿ ಸಂಜೆ ಆಂಡರ್ಸನ್‌ಪೇಟೆಯ ಒಂದು ಅಂಗಡಿಯಲ್ಲಿ ಮೋಟರ್ ರಿವೈಂಡಿಂಗ್ ಕಲೀತಿದ್ರಂತೆ. ಸ್ನೇಹಿತರು ನಗ್ತಿದ್ರು, "ಏನಯ್ಯಾ, ವಿಶ್ವಾಸ ಇಲ್ಲವಾ ನಿನಗೆ?" ಅಂತ. ಗಣಿ ಮುಚ್ಚಿದ ಮೇಲೆ ಅವರೇನು ಶ್ರೀಮಂತರಾಗಲಿಲ್ಲ. ಆದ್ರೆ ಬೋರ್‌ವೆಲ್ ಮೋಟರ್ ಸುಡದ ಊರು ಕೋಲಾರ ಜಿಲ್ಲೆಯಲ್ಲಿ ಯಾವುದಿದೆ? ಕೈಗೆ ಕೆಲಸ ಸಿಕ್ತು, ಮಕ್ಕಳು ಓದಿದ್ರು. ಕಲಿಯೋಕೆ ಆಗದೇ ಇದ್ದವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ನೆಲದಡಿ ಎಂಟು ಗಂಟೆ ದುಡಿದು ಬಂದ ಮೈಗೆ ಇನ್ನೊಂದು ಕೆಲಸ ಕಲಿ ಅನ್ನೋದು ಸುಲಭ ಅಲ್ಲ. ಆದ್ರೆ ನಿಮಗೆ ಇವತ್ತು ವಯಸ್ಸಿದೆ, ಸಂಜೆ ಇದೆ, ಫೋನಿದೆ. ನರಸಾಪುರದ ಐಫೋನ್ ಫ್ಯಾಕ್ಟರಿ 2023ರಲ್ಲಿ ವಿಸ್ಟ್ರಾನ್ ಕೈಯಿಂದ ಟಾಟಾ ಕೈಗೆ ಹೋಯ್ತು. ಗೇಟಿನ ಮೇಲಿನ ಬೋರ್ಡ್ ಬದಲಾಗುತ್ತೆ. ಕೆಲವು ಸಲ ನಾವು ಬದಲಾವಣೆಯ ಹತ್ರ ಹೋಗದಿದ್ರೂ ಬದಲಾವಣೆ ನಮ್ಮ ಹತ್ರ ಬರುತ್ತೆ.

3ನೇ ಅಧ್ಯಾಯದಲ್ಲಿ ಗೋಡೆ ಕಟ್ಟಿದವರ ಹೆಸರುಗಳಿವೆ. ನಾವು ಓದದೆ ಹಾರಿಸಿಬಿಡೋ ಅಧ್ಯಾಯ. 8ನೇ ವಚನದಲ್ಲಿ ಅಕ್ಕಸಾಲಿಗನು ಗೋಡೆ ಕಟ್ತಾನೆ, ಸುಗಂಧದ್ರವ್ಯ ಮಾಡುವವನು ಗೋಡೆ ಕಟ್ತಾನೆ. 12ನೇ ವಚನದಲ್ಲಿ ಶಲ್ಲೂಮನೂ ಅವನ ಹೆಣ್ಣುಮಕ್ಕಳೂ ಕಟ್ತಾರೆ. ತಂಗಿಯಂದಿರೇ, ಗಮನಿಸಿ! ಇವರ್ಯಾರೂ ಗಾರೆ ಕೆಲಸದವರಲ್ಲ. ಬಂಗಾರದ ಸಣ್ಣ ಕೆಲಸ ಮಾಡೋ ಬೆರಳುಗಳು ಕಲ್ಲು ಎತ್ತಿದವು. ಸಿದ್ಧಮನಸ್ಸಿದ್ರೆ ದೇವರು ಹೊಸ ಕೆಲಸ ಕಲಿಸ್ತಾರೆ. ಮತ್ತೆ ಅವರು ಒಬ್ಬೊಬ್ಬರೇ ಕಟ್ಟಲಿಲ್ಲ, ಪಕ್ಕಪಕ್ಕದಲ್ಲಿ ನಿಂತು ಕಟ್ಟಿದ್ರು. ಒಬ್ಬ ತಮ್ಮ ಕೆಲಸ ಬದಲಿಸೋ ಕಾಲದಲ್ಲಿ ಅವನ ಮನೆಗೆ ಒಂದು ಮೂಟೆ ಅಕ್ಕಿ ತಲುಪಿಸೋದು ಸಭೆಯ ಕೆಲಸ. ಅದನ್ನ ಅವನು ಕೇಳೋ ತನಕ ನಾವು ಕಾಯಬಾರದು.

ನನ್ನನ್ನೂ ಕೆಲವರು ಕೇಳ್ತಾರೆ, "ಬ್ರದರ್, ಬೈಬಲ್ ಕಾಲೇಜ್ ಡಿಪ್ಲೊಮಾ ಮುಗಿಸಿದ್ರಿ, ಇನ್ನೂ ಕೆಲಸಕ್ಕೆ ಹೋಗ್ತೀರಲ್ಲ, ಯಾವಾಗ ಫುಲ್ ಟೈಮ್?" ಅಂತ. ನನ್ನ ಮನೆಯಲ್ಲೂ ಈ ಪ್ರಾರ್ಥನೆ ನಡೀತಿದೆ. ನಾನೂ ನನ್ನ ಹೆಂಡತಿಯೂ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಅದರಲ್ಲಿ ನಮ್ಮಮ್ಮನ ಬಿಪಿ ಮಾತ್ರೆ ಇದೆ, ಮಗಳ ಸ್ಕೂಲ್ ಫೀಸ್ ಇದೆ, ಸಭೆಯ ಹಿರಿಯರು ಹೇಳಿದ ಮಾತಿದೆ, ದೇವರು ವಾಕ್ಯದಿಂದ ಮಾತಾಡಿದ ದಿನಗಳ ತಾರೀಖಿದೆ. ಪೌಲನು ಅಪೊಸ್ತಲನಾಗಿದ್ದೂ ಕೊರಿಂಥದಲ್ಲಿ ಗುಡಾರ ಹೊಲೀತಿದ್ದ. ಹಾಗಾಗಿ ಸೋಮವಾರ ಕೆಲಸಕ್ಕೆ ಹೋಗೋಕೆ ನನಗೆ ನಾಚಿಕೆ ಇಲ್ಲ. ನಾನೂ ಈಗ ಕಿಸ್ಲೇವ್‌ನಲ್ಲೇ ಇದ್ದೀನಿ. ನನ್ನ ನೀಸಾನ್ ಕರ್ತನಿಗೆ ಗೊತ್ತು. ಆ ದಿನ ಬಂದು ಕರ್ತನು ಕೇಳಿದಾಗ ನನ್ನ ಕೈಯಲ್ಲಿ ಪಟ್ಟಿ ಇರಬೇಕು, ನನ್ನ ಕಾಲು ಎದ್ದು ನಿಂತಿರಬೇಕು. ಅಷ್ಟೇ ನನ್ನ ಪ್ರಾರ್ಥನೆ.

ಈ ವಾರ ನಿಮಗೆ ಒಂದು ಕೆಲಸ ಕೊಡ್ತೀನಿ. ಒಂದು ಹಾಳೆ ತಗೊಳ್ಳಿ. ಮೊದಲು ಬರೀರಿ: ಇದು ಕರೆಯಾ, ಓಟವಾ? ಎರಡನೇದು: ಇರೋ ಕೆಲಸದಲ್ಲಿ ನಾನು ಯಾರಿಗೆ ಏನು ಒಪ್ಪಿಸಿ ಬರಬೇಕು? ಮೂರನೇದು: ಎಷ್ಟು ದಿನ, ಎಷ್ಟು ಹಣ, ಯಾವ ಕಾಗದ, ಯಾರ ಸಹಾಯ? ನಾಲ್ಕನೇದು: ಹೋಗೋ ಜಾಗವನ್ನ ಯಾವತ್ತು ಕಣ್ಣಾರೆ ನೋಡ್ತೀನಿ, ಯಾವ ತಿಂಗಳು ಹೆಜ್ಜೆ ಇಡ್ತೀನಿ? ಆ ಹಾಳೆಯನ್ನ ಬೈಬಲ್ ಒಳಗೆ ಇಟ್ಟು ದಿನಾ ಪ್ರಾರ್ಥಿಸಿ. ಮನೆಯವರಿಗೆ ತೋರಿಸಿ. ನನ್ನ ಹತ್ರ ಬರೋದಾದ್ರೆ ಹಾಳೆ ತಗೊಂಡು ಬನ್ನಿ, ಕೂತು ಮಾತಾಡೋಣ.

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನೆಹೆಮೀಯನ ಕಣ್ಣೀರನ್ನೂ ಅವನ ಪಟ್ಟಿಯನ್ನೂ ನೋಡಿದ ದೇವರೇ, ಈ ಮಕ್ಕಳನ್ನೂ ನೋಡಿರಿ. ಅವಸರ ಮಾಡುವವರಿಗೆ ತಾಳ್ಮೆ ಕೊಡಿ. ಹೆದರಿ ಕೂತವರಿಗೆ ಧೈರ್ಯ ಕೊಡಿ. ಮುಚ್ಚಿದ ಬಾಗಿಲ ಮುಂದೆ ನಿಂತಿರುವ ಮನೆಗಳಿಗೆ ಈ ತಿಂಗಳ ಅನ್ನವನ್ನ ಒದಗಿಸಿರಿ. ನೀವು ಬೇಡ ಅನ್ನುವ ದಾರಿ ಇದ್ದರೆ ಈಗಲೇ ತಡೆಯಿರಿ, ಹೋಗು ಅನ್ನುವ ದಾರಿ ಇದ್ದರೆ ನಿಮ್ಮ ಕೃಪಾಹಸ್ತ ಅವರ ಮೇಲಿರಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ.